ಖಾಲಿ ಸೈಟಿನ ಕುಮರಿ ಬೇಸಾಯ

ಕುಮರಿ ಬೇಸಾಯ ಎಂದರೇನು ಎಂಬ ಪ್ರಶ್ನೆಗೆ ಬಿ.ಎಸ್ಸಿ. ಪರೀಕ್ಷೆಯಲ್ಲಿ ನಾನು ಎರಡು ಪುಟ ತುಂಬಿಸಿದ್ದೆ. ಗುಡ್ಡದ ಜನ ಕಾಡು ಕಡಿದು, ಸುಟ್ಟು, ಆ ಬೂದಿಯಲ್ಲಿ ಬಿತ್ತುತ್ತಾರೆ. ಮಣ್ಣು ಸುಸ್ತಾದರೆ ಬೇರೆ ಕಡೆ ಹೋಗುತ್ತಾರೆ. ಬಿಟ್ಟ ಜಾಗಕ್ಕೆ ಕಾಡು ವಾಪಸ್ಸು ಬರುತ್ತದೆ. ಇದೇ ಬೇಸಾಯವನ್ನು ನಮ್ಮ ತಾತ ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲೇ ಮಾಡುತ್ತಿದ್ದಾರೆ ಅಂತ ಹೊಳೆದದ್ದು ಬಸ್ಸಿನಲ್ಲಿ ಮನೆಗೆ ಬರುವಾಗ. ಅಷ್ಟು ಬುದ್ಧಿವಂತ ನಾನು.

ತಾತನ ಹೊಲಗಳೆಲ್ಲ ತೊಂಬತ್ತರ ದಶಕದಲ್ಲೇ ಲೇಔಟ್ ಆಗಿದ್ದವು. ಆದರೆ ಸೈಟು ಕೊಂಡವರೆಲ್ಲ ಒಟ್ಟಿಗೆ ಮನೆ ಕಟ್ಟಲಿಲ್ಲ. ಖಾಲಿ ಜಾಗ ಕಂಡರೆ ಜನ ಕಸ ಸುರಿಯುತ್ತಾರೆ ಅಂತ ಓನರುಗಳೇ ಬಂದು, "ಏನಾದ್ರೂ ಬೆಳ್ಕೊಳ್ಳಿ ಯಜಮಾನ್ರೇ" ಅನ್ನುತ್ತಿದ್ದರು. ತಾತ ಕಾಂಗ್ರೆಸ್ ಗಿಡ ಕಿತ್ತು, ಒಣಗಿಸಿ ಸುಟ್ಟು, ರಾಗಿ ಬಿತ್ತಿ, ನಡುವೆ ಅವರೆ ಸಾಲು ಬಿಡುತ್ತಿದ್ದರು. ಪಾಯ ತೋಡುವವರು ಬಂದ ದಿನ ಗುದ್ದಲಿ ಹೆಗಲಿಗೇರಿಸಿ ಮುಂದಿನ ಸೈಟಿಗೆ. ಗುಡ್ಡದವರಿಗೂ ಇವರಿಗೂ ಒಂದೇ ವ್ಯತ್ಯಾಸ: ಇಲ್ಲಿ ಬಿಟ್ಟ ಜಾಗಕ್ಕೆ ಕಾಡು ಬರುವುದಿಲ್ಲ, ಮೂರಂತಸ್ತಿನ ಮನೆ ಬರುತ್ತದೆ. ಅದಕ್ಕೆ ಸಿಮೆಂಟು ಹೋಗುವುದು ನಮ್ಮಪ್ಪನ ಹಾರ್ಡ್‌ವೇರ್ ಅಂಗಡಿಯಿಂದ.

ಅಪ್ಪನಿಗೆ ಇದು ಮುಜುಗರ. "ಅಪ್ಪಾ, ಕಸ್ಟಮರ್‌ಗಳು ನನ್ನೇ ಕೇಳ್ತಾರೆ, ನಿಮ್ಮಪ್ಪಂಗೆ ಅನ್ನ ಹಾಕಲ್ವಾ ಅಂತ. ಮೇಲ್ಗಡೆ ಬಾಡಿಗೆ ಬರುತ್ತೆ. ಆರಾಮಾಗಿ ಕೂತ್ಕೊಳಿ."

ಆ ವರ್ಷ ಹತ್ತಿರದಲ್ಲಿ ಉಳಿದಿದ್ದದ್ದು ಒಂದೇ ಸೈಟು. ಮಟ್ಟ ಮಾಡುವಾಗ ಜೆಸಿಬಿಯವರು ಮೇಲ್ಮಣ್ಣನ್ನೆಲ್ಲ ಕೆರೆದುಕೊಂಡು ಹೋಗಿದ್ದರು. ಕೆಳಗಿನ ಕೆಂಪು ಗಡಸು ಮಣ್ಣು ಇಟ್ಟಿಗೆಯ ಹಾಗೆ ನಮ್ಮನ್ನೇ ನೋಡುತ್ತಿತ್ತು. ಅಪ್ಪ ಷರತ್ತು ಹಾಕಿದರು: "ಇಲ್ಲಿ ಬೆಳೆ ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ಗುದ್ದಲಿ ಎತ್ತಿಟ್ಬಿಡ್ಬೇಕು." ತಾತ ಹೂಂ ಅಂದರು. ಮನೆಯವರೆಲ್ಲರ ದನಿ ಮಾಡಿ ತೋರಿಸುತ್ತಿದ್ದ ನನಗೆ ಆ 'ಹೂಂ' ಒಂದನ್ನು ಮಾಡಿ ತೋರಿಸಬೇಕು ಅನ್ನಿಸಲಿಲ್ಲ.

ನಾನು ಜಯನಗರದ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದೆ. ಮೇಷ್ಟ್ರ ಹತ್ತಿರ ಕಾಡಿ ಬೇಡಿ ಒಂದು ಪ್ಯಾಕೆಟ್ ರೈಜೋಬಿಯಂ ಬ್ಯಾಕ್ಟೀರಿಯಾ ತಂದೆ. ನೋಡಲು ಇದ್ದಿಲ ಪುಡಿ.

"ಇದೇನ್ಲಾ, ಹಲ್ಲುಜ್ಜಕ್ಕಾ?" ಅಂದರು ತಾತ.

"ಇದ್ರೊಳ್ಗೆ ಜೀವ ಇದೆ ತಾತ. ಕಣ್ಣಿಗೆ ಕಾಣ್ದಿರೋ ಹುಳ."

"ಹುಳ ಹಾಕಿ ಬೆಳೆ ಬೆಳೀತಾರೇನ್ಲಾ?"

ವಿಜ್ಞಾನ ಹೇಳಿದರೆ ತಾತ ಆಕಳಿಸುತ್ತಾರೆ. ಅದಕ್ಕೇ ನಾನು ಬ್ಯಾಕ್ಟೀರಿಯಾವನ್ನೇ ಮಾತಾಡಿಸಿದೆ. ಮಹಡಿಯ ಬಾಡಿಗೆಮನೆಯಲ್ಲಿ ಧಾರವಾಡದ ಕಡೆಯವರೊಬ್ಬರಿದ್ದರು. ಅವರ ದನಿಯಲ್ಲಿ ಶುರು ಮಾಡಿದೆ: "ಯಜಮಾನ್ರ, ನಿಮ್ಮ ಅವರಿ ಬೇರಿನಾಗ ಒಂದು ಸಣ್ಣ ಖೋಲಿ ಕೊಡ್ರಿ. ಊಟ ನಿಮ್ದು. ಬಾಡಿಗಿ ಬದ್ಲಿ ಗಾಳ್ಯಾಗಿಂದ ಗೊಬ್ಬರ ಮಾಡಿ ಕೊಡ್ತೀವ್ರಿ."

ತಾತ ನಕ್ಕರು. ಮೆಟ್ಟಿಲ ಮೇಲಿಂದಲೂ ಒಂದು ನಗು ಕೇಳಿಸಿತು. ಬಾಡಿಗೆಯವರು ಬಕೆಟ್ ಹಿಡಿದು ನಿಂತಿದ್ದರು. "ನನ್ ದನಿ ನನಗಿಂತ ನಿಮಗ ಛಲೋ ಬರ್ತದ ನೋಡ್ರಿ. ಆದ್ರ ಆ ಹುಳಕ್ಕರ ಅಡ್ವಾನ್ಸ್ ಕೇಳಬ್ಯಾಡ್ರಿ!" ನನ್ನ ಮುಖ ಸೈಟಿನ ಮಣ್ಣಿನ ಬಣ್ಣಕ್ಕೆ ತಿರುಗಿತು.

ಬೆಲ್ಲದ ನೀರು ಕಾಯಿಸಿ ಆರಿಸಿ, ಪುಡಿ ಕಲಸಿ, ಅವರೆ ಬೀಜಕ್ಕೆ ಸವರಿ, ನೆರಳಲ್ಲಿ ಹರಡಿ ನಾನು ಕಾಫಿಗೆ ಹೋದೆ. ಬರುವಷ್ಟರಲ್ಲಿ ಅರ್ಧ ಬೀಜ ಹಳದಿಯಾಗಿತ್ತು. ಬಿತ್ತುವ ಬೀಜಕ್ಕೆ ಪೂಜೆ ಮಾಡದೆ ಅಜ್ಜಿ ಎಂದೂ ಹೊರಗೆ ಕಳಿಸಿದವರಲ್ಲ. ಒಳಗೆ ಜೀವ ಇದೆ ಅಂತ ನಾನೇ ಹೇಳಿದ್ದೆನಲ್ಲ. ಈ ಸಲ ಭಕ್ತಿ ಹೆಚ್ಚಾಗಿ ಅರಿಶಿನವನ್ನು ಕೈತುಂಬ ಸುರಿದಿದ್ದರು.

"ಅಜ್ಜೀ! ಗಾಯಕ್ಕೆ ಅರಿಶಿನ ಯಾಕ್ ಹಚ್ತೀಯ?"

"ನಂಜಾಗ್ಬಾರ್ದು ಅಂತ. ಕ್ರಿಮಿ ಸಾಯ್ಲಿ ಅಂತ."

ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಗೆ ಅರ್ಥವಾಗಿಹೋಯಿತು. ಹಳದಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಇನ್ನೊಂದು ಪ್ಯಾಕೆಟ್ಟು ಇರಲಿಲ್ಲ, ಮಳೆ ಬಂದು ಮಣ್ಣು ಹದವಾಗಿತ್ತು. ತಾತ ಹಳದಿ ಬೀಜವನ್ನು ಒಂದು ಪಕ್ಕ, ಕಪ್ಪು ಬೀಜವನ್ನು ಇನ್ನೊಂದು ಪಕ್ಕ ಸಾಲು ಹಿಡಿದು ಹಾಕಿದರು. ಮೊದಲೇ ಹಾಲಿನವರ ಮನೆಯಿಂದ ಕೊಟ್ಟಿಗೆ ಗೊಬ್ಬರ ತಂದು ಮಣ್ಣಿಗೆ ಬೆರೆಸಿದ್ದರು.

ರಾಗಿ ಪೈರು ಬಡಕಲಾಗಿ ಎದ್ದಿತು. ಅಪ್ಪ ದಿನಾ ಸ್ಕೂಟರ್ ನಿಧಾನ ಮಾಡಿ ನೋಡಿಕೊಂಡು ಹೋಗುತ್ತಿದ್ದರು. ಅಜ್ಜಿಯಂತೂ ಆ ರಸ್ತೆಗೇ ಕಾಲಿಡಲಿಲ್ಲ. ಅವರೆ ಮೊಣಕಾಲೆತ್ತರ ಬಂದ ಮೇಲೆ ಎರಡೂ ಕಡೆಯಿಂದ ಒಂದೊಂದು ಗಿಡ ಅಗೆದು ನೋಡೋಣ ಅಂದೆ. ಚೆನ್ನಾಗಿರೋ ಗಿಡ ಕೀಳ್ತೀಯಲ್ಲೋ ಅಂತ ತಾತ ಗೊಣಗಿದರು, ಆದರೂ ಗುದ್ದಲಿ ಕೊಟ್ಟರು. ಕಪ್ಪು ಸಾಲಿನ ಬೇರಿನಲ್ಲಿ ಸಾಸಿವೆಗಿಂತ ದಪ್ಪನೆಯ ಗಂಟುಗಳು ಗೊಂಚಲು ಕಟ್ಟಿದ್ದವು. ಹಳದಿ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಉಗುರಿನಲ್ಲಿ ಸೀಳಿದೆ. ಎರಡರ ಒಳಗೂ ತೆಳು ಕೆಂಪು. ಕೆಂಪಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಎರಡು ಗಿಡ ನೋಡಿ ಏನೂ ಹೇಳೋಕಾಗಲ್ಲ ಕಣಯ್ಯಾ ಅಂದರು ಮೇಷ್ಟ್ರು. ಸರಿಯೇ. ಅರಿಶಿನವೋ ಮಳೆಯೋ ಗೊಬ್ಬರವೋ, ಯಾವುದಕ್ಕೆ ಎಷ್ಟು ಪಾಲು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿಗೆ ಮಾತ್ರ ಆ ಗಂಟುಗಳನ್ನು ಅಂಗೈಯಲ್ಲಿಟ್ಟು ತೋರಿಸಿದೆ. "ಬದುಕಿದಾವೇನೋ?" ಅಂದರು. "ಬದುಕಿವೆ, ನಿನ್ನ ಪೂಜೆ ತಡ್ಕೊಂಡೂ."

ಚಳಿ ಶುರುವಾದಾಗ ರಾಗಿ ಹೇಳಿಕೊಳ್ಳುವಷ್ಟೇನೂ ಆಗಲಿಲ್ಲ. ಅವರೆ ಮಾತ್ರ ಹೂ ಬಿಟ್ಟು, ಕಾಯಿ ಕಟ್ಟಿ, ಸೊಗಡು ರಸ್ತೆಯ ತುದಿಯವರೆಗೂ ಬರುತ್ತಿತ್ತು. ಆಗಲೇ ಓನರು ಟೇಪು ಹಿಡಿದು ಬಂದರು, ಜೊತೆಗೆ ಮೇಸ್ತ್ರಿ. ಸಿಮೆಂಟಿಗೆ ಆರ್ಡರ್ ಕೊಡಲು ಅಪ್ಪನನ್ನೂ ಕರೆಸಿದ್ದರು. ತಾತ ಆಗಲೇ ಗುದ್ದಲಿಯ ಮಣ್ಣು ಕೆರೆಯುತ್ತಿದ್ದರು.

"ಸೋಮವಾರ ಲೋಡ್ ಇಳಿಸ್ಬಿಡಿ," ಅಂದರು ಓನರು.

ಅಪ್ಪ ಒಂದು ಕಾಯಿ ಕಿತ್ತು ಬಿಡಿಸಿ, ಕಾಳನ್ನು ಹಸಿಯಾಗೇ ಬಾಯಿಗೆ ಹಾಕಿಕೊಂಡರು.

"ಸಂಕ್ರಾಂತಿ ಕಳೀಲಿ ಸಾರ್, ಕಾಯಿ ಬಿಡಿಸ್ಕೊಳ್ಲಿ ನಮ್ಮಪ್ಪ. ಆಮೇಲೆ ಕಳಿಸ್ತೀನಿ." ಕೈ ಒರೆಸಿಕೊಳ್ಳುತ್ತ, ತಾತನ ಕಡೆ ನೋಡದೆ ಓನರನ್ನು ಕೇಳಿದರು: "ವಸಂತಪುರದ ಕಡೆ ನಿಮ್ಮ ಭಾವಮೈದಂದು ಒಂದು ಸೈಟಿದೆ ಅಂದಿದ್ರಲ್ಲ, ಅವರು ಈಗ್ಲೇ ಕಟ್ತಾರಾ?"