ಡಬ್ಬಿಗೆ ಹಾಕದ ಗುಳಿಗೆ

ಕಳೆದ ವರ್ಷ ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹೊಸಪೇಟೆಯ ಹೃದಯ ವೈದ್ಯರ ಕೋಣೆಯಲ್ಲಿ ಇದ್ದವರು ವೈದ್ಯರು, ನನ್ನ ಹೆಂಡತಿ ಗಂಗಮ್ಮ, ತವರೂರು ಮೆಟ್ರಿಯಿಂದ ಬಂದಿದ್ದ ಅವಳ ಅಣ್ಣ ಬಸಣ್ಣ ಮತ್ತು ನಾನು. ದೊಡ್ಡ ಡಾಕ್ಟರ ಹತ್ತಿರ ಹೋಗುವಾಗ ತವರಿನವರೊಬ್ಬರು ಜೊತೆಗಿರಬೇಕೆಂಬುದು ಅವರ ಮನೆಯ ರೂಢಿ.

ಗಂಗಮ್ಮನ ಹೃದಯದ ಕವಾಟವೊಂದು ಸೋರುತ್ತದೆ. ವರ್ಷಕ್ಕೊಮ್ಮೆ ಎಕೋ ಪರೀಕ್ಷೆ ಮಾಡಿಸುತ್ತೇವೆ. ನಡುವೆ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದವಳು ತಿಂಗಳುಗಟ್ಟಲೆ ಸರಿಯಾಗಿ ಏಳಲಿಲ್ಲ. ಬಳ್ಳಾರಿಯ ಮನೋವೈದ್ಯರು ಒಂದು ಗುಳಿಗೆ ಕೊಟ್ಟರು. ಕೆಲವು ವಾರಗಳ ನಂತರ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು.

ನಾನು ಸಂಡೂರಿನ ಗಣಿಯಲ್ಲಿ ಶಿಫ್ಟ್ ಮೇಸ್ತ್ರಿಯಾಗಿದ್ದವನು. ಅವಳಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವುದು ನನ್ನ ಕೆಲಸ. ಆ ದಿನ ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಲು ಎಲ್ಲವನ್ನೂ ಡಬ್ಬಿಗೆ ಹಾಕಿದೆ. ಬಳ್ಳಾರಿಯದನ್ನು ಮಾತ್ರ ಅವಳು ತೆಗೆದಿಟ್ಟಳು.

"ಅಣ್ಣನ ಮುಂದ ಬ್ಯಾಡ. ಊರ ತುಂಬಾ ಸಾರತಾನ."

"ಡಾಕ್ಟರಿಗೆ ಹೇಳಬೇಕಲ್ಲ?"

"ಹೇಳೋದಿದ್ರ ನಾನ ಹೇಳ್ತೀನಿ. ನೀವು ಬಾಯಿ ಬಿಡಬ್ಯಾಡ್ರಿ."

ಕೋಣೆಯಲ್ಲಿ ವೈದ್ಯರು ಎಕೋ ವರದಿ ನೋಡಿ, "ಸೋರಿಕೆ ಹೋದ ಸಲಕ್ಕಿಂತ ಸ್ವಲ್ಪ ಹೆಚ್ಚಾದಂಗ ಐತಿ. ಬ್ಯಾರೆ ಏನಾರ ಗುಳಿಗಿ ತಗೋತೀರೇನಮ್ಮ?" ಎಂದರು.

ನಾನು ಡಬ್ಬಿಯನ್ನಷ್ಟೇ ಮೇಜಿನ ಮೇಲಿಟ್ಟೆ. ಗಂಗಮ್ಮ ಅಣ್ಣನ ಕಡೆ ನೋಡಿ, ಆಮೇಲೆ ಗುಳಿಗೆಯ ಹೆಸರು ಹೇಳಿದಳು.

"ಹುಚ್ಚಿನ ಗುಳಿಗೀನಾ?" ಎಂದ ಬಸಣ್ಣ.

"ಹುಚ್ಚಿಂದಲ್ಲಣ್ಣ, ಬ್ಯಾಸರದ್ದು. ಇನ್ನ ಸಾರು ಹೋಗು." ಹಾಗೆಂದವಳು ವೈದ್ಯರ ಕಡೆ ತಿರುಗಿದಳು. "ಸೋರಿದ್ರ ಸೋರ್ಲಿರಿ. ಇದೊಂದು ಬಿಡಿಸಬ್ಯಾಡ್ರಿ. ಆ ಗೋಡಿ ನೋಡ್ಕೊಂತ ಮತ್ತ ಮಲಗಾಕ ನನ್ನ ಕೈಲಿ ಆಗಂಗಿಲ್ಲ."

ಅಂಥ ಕೆಲವು ಗುಳಿಗೆಗಳಿಂದ ಹೃದಯದ ಬಡಿತ ತಪ್ಪಬಹುದು, ಕವಾಟಕ್ಕೂ ತೊಂದರೆಯಾಗುತ್ತದೆಯೇ ಎಂಬುದು ಇನ್ನೂ ಖಚಿತವಿಲ್ಲ ಎಂದು ವೈದ್ಯರು ವಿವರಿಸಿದರು. ಕೂಡಲೇ ಇಸಿಜಿ ಮಾಡಿಸಿದರು.

"ಬಡಿತ ಸರಿ ಐತಿ. ಸೋರಿಕೆ ಇದರಿಂದನ ಹೆಚ್ಚಾತು ಅಂತ ಹೇಳಾಕ ಬರಂಗಿಲ್ಲ. ನೀವಾಗೇ ನಿಲ್ಲಿಸಬ್ಯಾಡ್ರಿ. ಬಳ್ಳಾರಿ ಡಾಕ್ಟರ ಜೋಡಿ ನಾನು ಮಾತಾಡ್ತೀನಿ. ಈ ಸಲ ಎಕೋಕ್ಕ ಆರು ತಿಂಗಳಿಗೇ ಬರ್ರಿ."

ಬಸಣ್ಣ ಊರಿಗೆ ಹೋಗದೆ ನಮ್ಮ ಜೊತೆಗೇ ಮನೆಗೆ ಬಂದ. ಎಕೋ ಯಂತ್ರಕ್ಕೆ ಕಾಣದ್ದನ್ನು ಅವಳೇ ಬಾಯಿಬಿಟ್ಟು ಹೇಳಿದಳಲ್ಲ ಎಂಬ ಸಮಾಧಾನ ನನಗೆ ಇಂದಿಗೂ ಇದೆ.

ರಾತ್ರಿ ಅವಳು ರೊಟ್ಟಿ ಬಡಿದಳು, ಮೂವರೂ ಉಂಡೆವು. ನಾನು ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಬಸಣ್ಣ ನೀರು ತಂದು ನಿಂತಿದ್ದ.

"ಯಾವುದ್ರಿ, ಆ ಬ್ಯಾಸರದ ಗುಳಿಗಿ?"

ಬೆಳಿಗ್ಗೆ ಅವಳು ತೆಗೆದಿಟ್ಟಿದ್ದನ್ನು ತೋರಿಸಿದೆ. ಅವನೇ ತಂಗಿಯ ಕೈಗೆ ಕೊಟ್ಟ. ಅವಳು ನುಂಗಿದ ಮೇಲೆ ಲೋಟ ತೊಳೆದು ಬೋರಲು ಹಾಕಿದೆ.