ಅತ್ತೆಯ ಕಣ್ಣಿಗಾಗಿ ಬೆಳೆಸಿದ ಗರಿಕೆ

ನಾವು ಮಂಡ್ಯದ ಕ್ವಾರ್ಟರ್ಸಿನಲ್ಲಿದ್ದದ್ದು ಯುದ್ಧದ ಕಾಲದಲ್ಲಿ. ಆಗ ನಮ್ಮ ಮನೆಯ ಮುಂದೆ ಒಂದು ಹುಲ್ಲಿನ ಅಂಗಳವಿತ್ತು. ದನ ಮೇಯುವುದಕ್ಕಲ್ಲ, ಅಂದಕ್ಕೂ ಅಲ್ಲ. ನಮ್ಮತ್ತೆ ನಡೆಯುವುದಕ್ಕೆ. ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ನರ ಸೊರಗಿದೆ, ಮಾಡುವಂಥದ್ದು ಏನೂ ಇಲ್ಲ ಎಂದು ಮೈಸೂರಿನ ಡಾಕ್ಟರು ಕೈಚೆಲ್ಲಿದ್ದರು. ಬೆಳಗಿನ ಹೊತ್ತು ಇಬ್ಬನಿ ಕೂತ ಹಸಿ ಗರಿಕೆಯ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣು ತಂಪಾಗಿ ನೋಟ ತಿರುಗುತ್ತದೆ ಎಂದು ಯಾರೋ ಅಂದರು. ನನ್ನ ಗಂಡ ನಾಲೆ ಕಚೇರಿಯಲ್ಲಿ ಓವರ್‌ಸಿಯರ್, ಓದಿದವರು. ಆದರೂ ಆ ಮಾತನ್ನು ಹಿಡಿದುಕೊಂಡುಬಿಟ್ಟರು. ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ಮಳೆಗಾಲದಲ್ಲಿ ಗರಿಕೆ ಬೆಳೆಸುವುದು ಏನು ಮಹಾ ಕೆಲಸ. ಬೇಸಿಗೆಯಲ್ಲಿ ಅದನ್ನು ಹಸಿರಾಗಿಡುವುದಿದೆಯಲ್ಲ, ಅದು ಕೂಸು ಸಾಕಿದ ಹಾಗೆ. ದುರಸ್ತಿಗೆಂದು ನಾಲೆ ನಿಲ್ಲಿಸುವ ಕಾಲ. ಹಿತ್ತಲ ಬಾವಿಯ ನೀರೂ ತಳ ಸೇರಿರುತ್ತಿತ್ತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಸ್ನಾನದ ನೀರು, ಎಲ್ಲವೂ ಅಂಗಳಕ್ಕೇ ಹೋಗಬೇಕು. ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಬೇರು ಮೇಲುಮೇಲೇ ಉಳಿದು ಒಣಗುತ್ತದೆ, ಒಂದು ದಿನ ಬಿಟ್ಟು ಒಂದು ದಿನ ನೆಲ ನೆನೆಯುವ ಹಾಗೆ ಹುಯ್ಯಬೇಕು ಎಂದು ನಮ್ಮವರು ಕಂಡುಕೊಂಡರು. ಬುಡಕ್ಕೆ ಕೊಯ್ಯದೆ ಬೆರಳುದ್ದ ಬಿಡುತ್ತಿದ್ದರು, ಹುಲ್ಲು ತನ್ನ ನೆರಳಲ್ಲಿ ತಾನು ಬದುಕಿಕೊಳ್ಳಲಿ ಎಂದು. ಹಳೆಯ ಗೊಬ್ಬರವನ್ನು ಜರಡಿ ಹಿಡಿದು, ಕೆರೆಯ ಗೋಡುಮಣ್ಣು ಸೇರಿಸಿ, ತೆಳ್ಳಗೆ ಎರಚುತ್ತಿದ್ದರು. ಬೇಸಿಗೆಯಲ್ಲಿ ಇಬ್ಬನಿ ಎಲ್ಲಿಂದ ಬರಬೇಕು? ತಾಯಿ ಏಳುವ ಮುಂಚೆ ತಾವೇ ಒಂದು ಕೊಡ ತಂದು, ಕೈಯಿಂದ ಚಿಮುಕಿಸಿ ಅದನ್ನೂ ಒದಗಿಸುತ್ತಿದ್ದರು. ನಾನು ಒಂದು ಸೀರೆ ಹೆಚ್ಚಿಗೆ ಒಗೆದರೆ ಮುಖ ಸಿಂಡರಿಸುತ್ತಿದ್ದ ಮನುಷ್ಯ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ದಿನಾ ಬೆಳಿಗ್ಗೆ ಜಗಲಿ ಇಳಿದು ಆ ಹುಲ್ಲಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುವರು. "ಎಂಗದವ್ವ ಇವತ್ತು?" ಎಂದು ಮಗ ಕೇಳುವರು. "ವಾಸಿ ಕನ, ವಸಿ ನಿಚ್ಚಳ" ಎಂದು ತಾಯಿ ಹೇಳುವರು. ಅವತ್ತು ಕಚೇರಿಗೆ ಹೊರಟ ನಮ್ಮವರ ನಡಿಗೆಯೇ ಬೇರೆ ಇರುತ್ತಿತ್ತು.

ಆ ಬೇಸಿಗೆಯ ಒಂದು ಸೋಮವಾರ ನಮ್ಮವರು ಮಳವಳ್ಳಿ ಕಡೆ ಕ್ಯಾಂಪು ಹೋಗಿದ್ದರು. ನಾನು ಅತ್ತೆಯನ್ನು ಕರೆದುಕೊಂಡು ವೈದ್ಯನಾಥಪುರದ ಶಿವನ ಗುಡಿಗೆ ಹೋದೆ. ಡಾಕ್ಟರು ಬಿಟ್ಟ ಮೇಲೆ ಆ ದೇವರೇ ಗತಿ ಎಂದು ನನ್ನ ಲೆಕ್ಕ. ಮದ್ದೂರಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಸಂಜೆ ಹಿಂದಿರುಗಿದಾಗ ನಮ್ಮಪ್ಪ ಜಗಲಿಯ ಮೇಲೆ ಕೂತಿದ್ದರು. ಬಹಳ ದಿನದ ಮೇಲೆ, ಬೆಳಿಗ್ಗೆಯೇ ತಮ್ಮೂರು ಹೊಳಲಿನಿಂದ ನಡೆದು ಬಂದು, ಮನೆಗೆ ಬೀಗ ಕಂಡು, ಸುಮ್ಮನೆ ಕೂರುವ ಜಾಯಮಾನ ಅಲ್ಲದ್ದರಿಂದ ಹಿತ್ತಲಿನ ಗುದ್ದಲಿ ಕೈಗೆತ್ತಿಕೊಂಡಿದ್ದರು. ಅಂಗಳದಲ್ಲಿ ಒಂದು ಹುಲ್ಲೆಸಳೂ ಇರಲಿಲ್ಲ. ಮೂಲೆಯಲ್ಲಿ ಒಂದಿಷ್ಟು ಬೂದಿ.

ನಮ್ಮಪ್ಪ ಜೀವಮಾನವೆಲ್ಲ ಗರಿಕೆಯ ಜೊತೆ ಜಗಳವಾಡಿದವರು. ಹೊಲದಲ್ಲಿ ಒಂದು ಗೆಣ್ಣು ಉಳಿದರೂ ಮುಂದಿನ ಮಳೆಗೆ ಇಡೀ ಹೊಲ ಅದರದ್ದೇ. ಅಗೆದು, ಬೇರು ಝಾಡಿಸಿ, ಬಿಸಿಲಿಗೆ ಹಾಕಿ, ತರಗು ಸೇರಿಸಿ ಸುಡಬೇಕು. ಅದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿ ಮುಗಿಸಿದ್ದರು.

"ಏನವ್ವಾ, ಅಂಗ್ಳುಕ್ಕೆಲ್ಲ ಇಂಗೆ ಗರ್ಕೆ ನುಗ್ಗೋದು? ಅಳಿಮಯ್ಯಂಗೆ ಪುರ್ಸೊತ್ತಿಲ್ಲ ಬುಡು ಅಂತ ನಾನೇ ಅಗ್ದಾಕ್ದೆ. ನಾಳೀಕೆ ವಸಿ ದಂಟಿನ ಬೀಜ ಚೆಲ್ತೀನಿ" ಅಂದರು. ಮುಖದ ತುಂಬ ಬೆವರು, ಸಂತೋಷ.

ಅತ್ತೆಯ ಕಣ್ಣಿನ ವಿಷಯ ನಾವು ಯಾರಿಗೂ ಹೇಳಿರಲಿಲ್ಲ, ನಮ್ಮಪ್ಪನಿಗೂ. ಆಗಲೂ ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲ ಕೇಳಿಸಿಕೊಂಡ ಅತ್ತೆ, "ದಣ್ದಿದ್ದೀರಿ ಬೀಗ್ರೆ, ಕೈಕಾಲ್ ತೊಳ್ಕಳಿ, ಉಣ್ಣೀರಂತೆ" ಎಂದಷ್ಟೇ ಅಂದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಬಸ್ಸಿಳಿದು ಬಂದ ನಮ್ಮವರು ಗೇಟಿನಲ್ಲೇ ನಿಂತುಬಿಟ್ಟರು. ಹಿಂದೆ ಒಂದು ಸಲ ಹಸು ನುಗ್ಗಿ ನಾಲ್ಕು ಬಾಯಿ ಮೇಯ್ದದ್ದಕ್ಕೆ ಪಕ್ಕದ ಮನೆಯವರ ಹತ್ತಿರ ಮಾತು ಬಿಟ್ಟವರು ಅವರು. ಮಣ್ಣು ಹದ ಮಾಡುತ್ತಿದ್ದ ನಮ್ಮಪ್ಪ ಅಳಿಯನನ್ನು ನೋಡಿ ನಕ್ಕರು.

"ಇದನ್ನ ಮುಟ್ಟಿ ಅಂತ ನಿಮಗೆ ಯಾರು ಹೇಳಿದ್ರು?" ನಮ್ಮವರು ಗೇಟು ತಳ್ಳಿಕೊಂಡು ಒಳಗೆ ಬಂದರು. "ನೀವು ಈಗಲೇ..."

ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ಅದೊಂದು ಬಾಯಿಂದ ಬಿದ್ದಿದ್ದರೆ ನಮ್ಮಪ್ಪ ಸಾಯುವವರೆಗೆ ನನ್ನ ಮನೆಗೆ ಕಾಲಿಡುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಜಗಲಿ ಇಳಿದರು. ದಿನದ ಹಾಗೆಯೇ ಬರಿಗಾಲಲ್ಲಿ, ಅಗೆದ ಮಣ್ಣಿನ ಮೇಲೆ ಆ ತುದಿಯವರೆಗೆ ನಡೆದು ತಿರುಗಿ ನಿಂತರು.

"ಬೀಗ್ರುನ್ನ ಏನೂ ಅನ್ಬ್ಯಾಡ ಕಣ್ಲಾ. ನಂಗೆ ದೀವಳ್ಗೆಯಿಂದ್ಲೂವೆ ಏನೂ ಕಾಣಾಕಿಲ್ಲ. ದೀಪ ಅಚ್ಚವ್ರೆ ಅನ್ನದೂ ಎಣ್ಣೆ ವಾಸ್ನೇಲೇ ತಿಳಿಯದು."

ನಮ್ಮಪ್ಪ ಅಂಗಳದ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಗುದ್ದಲಿಯನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟರು. ದಿನಾ ತಟ್ಟೆಗೆ ಬಡಿಸಿ ಮುಂದಿಡುತ್ತಿದ್ದ ನನಗೂ ಅದು ಗೊತ್ತಾಗಿರಲಿಲ್ಲ.

"ದಿನಾ ವಸಿ ನಿಚ್ಚಳ ಅಂತಿದ್ಯಲ್ಲವ್ವ" ಅಂದರು ನಮ್ಮವರು.

"ನೀನು ಕೊಡ ಒತ್ಕಂಡು ಬರದು ಕೇಳುಸ್ತಿತ್ತಲ್ಲ ಮಗ. ಇನ್ನೇನ್ ಏಳ್ಲಿ?"

ನಮ್ಮವರು ಬೂಟನ್ನೂ ಬಿಚ್ಚದೆ ಆ ಮಣ್ಣಿನಲ್ಲಿ ನಡೆದು ಹೋಗಿ ತಾಯಿಯ ಕೈ ಹಿಡಿದುಕೊಂಡರು. ಮನೆಯತ್ತ ಕರೆತರುವಾಗ ನಮ್ಮಪ್ಪನ ಹತ್ತಿರ ನಿಂತು, "ದಂಟಿನ ಬೀಜ ಹಾಕಿ ಮಾವ" ಅಂದರು. ಅಷ್ಟು ತಿಂಗಳು ಮನೆಯೊಳಗೆ ಹೊರಗೆ ಎಲ್ಲೂ ಎಡವದೆ ಒಬ್ಬರೇ ಓಡಾಡಿದ್ದ ಅತ್ತೆ, ಬಾಗಿಲ ಹೊಸ್ತಿಲ ಹತ್ತಿರ ಬಂದಾಗ ನಿಂತರು.

"ವಸ್ಲು ಎಲ್ಲದೆ ಮಗ? ತೋರ್ಸು" ಅಂದರು.