ಮೀನು ಕಚ್ಚದ ಮುಂಜಾನೆ

ಗುಜರಾತಿನಲ್ಲಿ ಭೂಕಂಪವಾದ ಮರುದಿನ ಬೆಳಗಾವಿಯಲ್ಲಿ ಅದರ ಮುನ್ಸೂಚನೆ ಸಿಗದಿದ್ದ ಮನೆಯೇ ಇರಲಿಲ್ಲ. ಶಿವಬಸವ ನಗರದ ನನ್ನ ಬಾಡಿಗೆ ಮನೆಯ ಮಾಲಕರ ನಾಯಿ ಹಿಂದಿನ ದಿನ ಅನ್ನ ಮುಟ್ಟಿರಲಿಲ್ಲವಂತೆ. ಅನಗೋಳದಿಂದ ಬರುತ್ತಿದ್ದ ನಮ್ಮ ಆಫೀಸಿನ ಗುಮಾಸ್ತರ ಎಮ್ಮೆ ಹಾಲು ಕೊಟ್ಟಿರಲಿಲ್ಲವಂತೆ. ನೆಲ ನಡುಗುವ ಮೊದಲು ಇವರಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದ ನನಗೆ ಇಂಥವರನ್ನು ಕಂಡರೆ ಮೈ ಉರಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಉರಿಸಿದವರು ಖಾನಾಪುರದ ನಮ್ಮ ಅಕ್ಕನ ಗಂಡ, ನನ್ನ ಬಾಯಲ್ಲಿ ಮಾಮಾ. ಏಕೆಂದರೆ ಅವರು ತಮ್ಮ ಭವಿಷ್ಯವಾಣಿಗೆ ನನ್ನನ್ನೇ ಸಾಕ್ಷಿ ಮಾಡಿಕೊಂಡಿದ್ದರು.

ಮಾಮಾ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದರು. ರಜೆ ಸಿಕ್ಕರೆ ಗಾಳ ಹಿಡಿದು ಮಲಪ್ರಭೆಗೆ, ರೈಲು ಸೇತುವೆಯ ಕೆಳಗಿನ ಮಡುವಿಗೆ ಹೋಗುತ್ತಿದ್ದರು. ಆ ಜನವರಿ ಇಪ್ಪತ್ತಾರರ ಮುಂಜಾನೆ ನನ್ನನ್ನೂ ಎಳೆದುಕೊಂಡು ಹೋದರು. ದಂಡೆ ಮುಟ್ಟುತ್ತಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದರು. ಕೂಸು ಮಲಗಿದ ಮನೆಗೆ ಹೊಕ್ಕವರಂತೆ ಹೆಜ್ಜೆ ಇಟ್ಟರು.

“ಬೂಟ್ ಬಿಚ್ಚೋ ತಮ್ಮಾ. ಮೀನಿಗೆ ಕೇಳಸ್ತದ.”

“ಮೀನಿಗೆ ಕಿವಿ ಎಲ್ಲಿ ಅದಾವ್ರಿ ಮಾಮಾ?”

“ಹೊಟ್ಟ್ಯಾಗ.”

ನಾನು ನಕ್ಕೆ. ಬೂಟು ಬಿಚ್ಚಲಿಲ್ಲ. ಕೆಲವು ಮೀನುಗಳ ಹೊಟ್ಟೆಯಲ್ಲಿರುವ ಗಾಳಿಚೀಲ ನೀರಿನ ಕಂಪನವನ್ನು ಹಿಡಿದು ಕಿವಿಗೆ ದಾಟಿಸುತ್ತದೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಗಲೂ ಅವರಿಗೆ ಹೇಳಲಿಲ್ಲ.

ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಸೇತುವೆಯನ್ನು ಅಲುಗಿಸುತ್ತ ಹೋಯಿತು. ಕುಂತ ಬಂಡೆಯೇ ಜುಮ್ಮೆಂದಿತು.

“ಇದಕ್ಕ ಮೀನು ಓಡೂದಿಲ್ಲೇನ್ರಿ?” ಎಂದೆ.

“ಅದು ದಿನಾ ಬರೂ ಬೀಗರಿದ್ದಂಗ. ನಿನ್ನ ಬೂಟು ಹೊಸಾದು.”

ಚಳಿಗೆ ನಾನು ಬಂಡೆಯ ಮೇಲೆ ಕಾಲು ಕುಟ್ಟುತ್ತಲೇ ಇದ್ದೆ. ಒಂಬತ್ತರವರೆಗೂ ಒಂದು ಮೀನೂ ಕಚ್ಚಲಿಲ್ಲ. ಬರಿಗೈಲಿ ಮನೆಗೆ ಬಂದು ಚಹಾ ಕುಡಿಯುತ್ತಿರುವಾಗ ಟಿವಿಯಲ್ಲಿ ಭೂಕಂಪದ ಸುದ್ದಿ ಬಂತು. ಮಾಮಾ ಕಪ್ಪು ಕೆಳಗಿಟ್ಟರು.

“ನಾ ಹೊಳಿಮ್ಯಾಗ ಹೇಳಿದ್ನಲ್ಲೋ, ಇವತ್ತ ನೆಲಾ ಸರಿ ಇಲ್ಲಂತ!”

ಎಲ್ಲರೂ ನನ್ನ ಮುಖ ನೋಡಿದರು. ಬಾಯಿ ತುಂಬ ಚಹಾ ಇತ್ತು. “ಹ್ಞೂಂ” ಅಂದಂತಾಯಿತು. ಮುಂದಿನ ಸಂತೆಯ ಹೊತ್ತಿಗೆ ಮಾತು ನಂದಗಡವನ್ನೂ ಮುಟ್ಟಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಅಕ್ಕನ ಮನೆಯ ಮುಂದೆ ಉಸುಕು, ಕಬ್ಬಿಣದ ಸಲಾಕೆಗಳು ಬಂದು ಬಿದ್ದಿದ್ದವು. ಅಕ್ಕ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮಷೀನು ಅಡುಗೆಮನೆಯಲ್ಲಿ, ಒಲೆಯ ಬಾಜುವಿಗೇ ಇತ್ತು. ಯಾರದೋ ಮದುವೆಯ ಜಂಪರಿಗೆ ಒಮ್ಮೆ ಕಿಡಿ ಹಾರಿ ತೂತು ಬಿದ್ದ ಮೇಲೆ, ಮೇಲೊಂದು ಖೋಲಿ ಬೇಕೆಂದು ಮೂರು ವರ್ಷ ಹಟ ಹಿಡಿದು ಒಪ್ಪಿಸಿದ್ದಳು. ಈಗ ಮಾಮಾ ಕೆಲಸ ನಿಲ್ಲಿಸಿಬಿಟ್ಟರು.

“ಮೀನು ಇನ್ನೂ ಕಚ್ಚವಲ್ಲವು. ಇನ್ನೊಂದು ಬರೂದೈತಿ. ಸ್ಲ್ಯಾಬ್ ಹಾಕಿಸಿ ತಲಿಮ್ಯಾಲ ಕೆಡವಿಕೊಳ್ಳೂದೇನು?”

ಉಸುಕಿನ ಗುಡ್ಡೆಯ ಮೇಲೆ ಓಣಿಯ ನಾಯಿಗಳು ಮಲಗತೊಡಗಿದವು. ಮುಂದಿನ ತಿಂಗಳು ಹೋದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

“ತಮ್ಮಾ, ಖರೇ ಹೇಳು. ಇವರು ಆ ಮಾತು ಸುದ್ದಿ ಬರೂಕಿಂತ ಮೊದಲ ಅಂದಿದ್ರೋ, ಆಮ್ಯಾಲೋ? ಜೋಡಿ ಇದ್ದಾವ ನೀ ಒಬ್ಬನ.”

ಉತ್ತರ ನಾಲಿಗೆಯ ತುದಿಯಲ್ಲೇ ಇದೆ ಎಂದುಕೊಂಡಿದ್ದೆ. ಇರಲಿಲ್ಲ. ಬೂಟು, ಚಳಿ, ಗೂಡ್ಸ್ ಗಾಡಿ, ಬೀಗರ ಮಾತು ಎಲ್ಲ ನೆನಪಿತ್ತು. ಆಮೇಲೆ ಮಾಮಾ ನೀರಿನಲ್ಲಿ ತೇಲುವ ಗಾಳದ ಬೆಂಡಿನ ಮೇಲೆ ಕಣ್ಣಿಟ್ಟು ಬಹಳ ಹೊತ್ತು ಏನೋ ಮಾತಾಡಿದ್ದರು. ಅದರಲ್ಲಿ ಕೇಳುವಂಥದ್ದೇನೂ ಇಲ್ಲವೆಂದು ಮೊದಲೇ ತೀರ್ಮಾನಿಸಿ ನಾನು ಕೇಳಿಯೇ ಇರಲಿಲ್ಲ. “ನೆಲಾ ಸರಿ ಇಲ್ಲ” ಎಂಬ ಮಾತು ಟಿವಿಯ ಸದ್ದಿನ ಜೊತೆಗೂ ಕೇಳಿಸುತ್ತಿತ್ತು, ನೀರಿನ ಸದ್ದಿನ ಜೊತೆಗೂ ಕೇಳಿಸುತ್ತಿತ್ತು. ಎರಡರಲ್ಲಿ ಯಾವುದು ಆದದ್ದು, ಯಾವುದು ಆಮೇಲೆ ಸೇರಿಕೊಂಡದ್ದು?

ಅಕ್ಕ ಕಾಯುತ್ತಿದ್ದಳು. ನಾನು ನೆಟ್ಟಗೆ ಪಡಸಾಲೆಗೆ ಹೋದೆ.

“ಮಾಮಾ, ನೀವು ಹೊಳಿಮ್ಯಾಗ ಏನೂ ಅಂದಿಲ್ಲ. ಸುದ್ದಿ ನೋಡಿದಮ್ಯಾಲ ಅಂದ್ರಿ. ಮೀನು ಓಡಿಸಿದ್ದು ನನ್ನ ಬೂಟು.”

ಅವರು ನನ್ನ ಕಡೆ ತಿರುಗಿದರು.

“ಖರೇನಾ?”

“ಖರೇ.”

ಜಗಳ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. “ಸಾಲಿ ಕಲತಾವ ನೀ. ನನಗ ಮರವು ಬಂದಿರಬೇಕು” ಎಂದು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

ಮಳೆಗಾಲಕ್ಕೆ ಮೊದಲೇ ಸ್ಲ್ಯಾಬ್ ಹಾಕಿಸಿದರು. ಅಕ್ಕನ ಮಷೀನು ಮೇಲಿನ ಕಿಟಕಿಯ ಬಳಿ ಹೋಗಿ ಕುಂತಿತು, ಇವತ್ತಿಗೂ ಅಲ್ಲೇ ಇದೆ. ಏನೂ ಬೀಳಲಿಲ್ಲ. ಅದರಿಂದ ಆ ಮುಂಜಾನೆಯ ಬಗ್ಗೆ ಏನೂ ಸಾಬೀತಾಗುವುದಿಲ್ಲ, ಅಷ್ಟು ತರ್ಕ ನನಗೂ ಗೊತ್ತು.

ಈಗ ಬಂದವರೆದುರು ಮಾಮಾ ಈ ಕಥೆಯನ್ನು ತಮ್ಮ ಮೇಲಿನ ಹಾಸ್ಯವಾಗಿಯೇ ಹೇಳುತ್ತಾರೆ: “ಟಿವಿ ನೋಡಿ ಆಮ್ಯಾಲ ಅಂದು, ಮೊದಲ ಅಂದೀನಿ ಅಂತ ತಿಳಕೊಂಡಿದ್ದೆ ನೋಡ್ರಿ! ನಮ್ಮ ತಮ್ಮ ಹಿಡದ!” ತಾವು ಕಪ್ಪು ಕೆಳಗಿಟ್ಟದ್ದು, ಸುದ್ದಿ ಓದುವವಳ ಸೀರೆಯ ಬಣ್ಣ, ಎಲ್ಲ ಅವರಿಗೆ ಈಗ ಸ್ಪಷ್ಟವಾಗಿ ನೆನಪಿದೆ. ನಾಯಿಯವರೂ ಎಮ್ಮೆಯವರೂ ಕೆಡಿಸಿಕೊಂಡದ್ದು ತಂತಮ್ಮ ನೆನಪನ್ನು ಮಾತ್ರ. ಮಾಮಾ ಹಾಗೆ ನಗುವಾಗಲೆಲ್ಲ ನಾನೂ ನಗುತ್ತೇನೆ. “ನೆಲಾ ಸರಿ ಇಲ್ಲ” ಎಂಬ ಮಾತಿನ ಹಿಂದೆ ನೀರು ಹರಿಯುವ ಸದ್ದು ನನಗೆ ಹಿಂದಿನ ಸಲಕ್ಕಿಂತ ಚೆನ್ನಾಗಿ ಕೇಳಿಸುತ್ತದೆ.